ಹಾಲಿನ ಮೇಲೆ ನಾನು ತೇಲಿಸಿದ ಭೂಮಿ

ನಮ್ಮ ವಿಜ್ಞಾನ ಮನೆಯ ಭೂಮಿ ಮೇಜಿಗೆ ಈ ವರ್ಷ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ. ಇಬ್ಬರೂ ಎಂ.ಎಸ್ಸಿ. ಮಾಡಿದವರು, ನನಗಿಂತ ನೂರು ಪಾಲು ಹೆಚ್ಚು ತಿಳಿದವರು. ಆದರೂ ಮೊನ್ನೆ ಮನೆಗೆ ಬಂದು, "ವೈನಿ, ಅಷ್ಟು ವರ್ಷ ಆ ಮೇಜಿನ ಹಿಂದ ನಿಂತೀರಿ. ನಮಗೂ ಏನರೆ ಹೇಳ್ರಿ" ಎಂದು ಕೂತರು. ಚಹಾ ಕುಡಿಸಿ ಕಳಿಸಿದೆ. ಹೇಳಬೇಕಾದದ್ದು ಬಾಯಿಗೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಒಂದು ತಪ್ಪನ್ನು ಎಂಟು ವರ್ಷ ಮಕ್ಕಳಿಗೆ ಹೇಳಿಕೊಟ್ಟೆ. ಆ ತಪ್ಪಿನಿಂದ ಮುಮ್ತಾಜ್ ಎಂಬ ಶಿಕ್ಷಕಿಯ ಕೆಲಸ ಹೋಗುವುದರಲ್ಲಿತ್ತು. ಅದೊಂದನ್ನು ತಿಳಿಸಿದರೆ ಸಾಕು, ಉಳಿದದ್ದನ್ನು ನೀವೇ ಕಲಿಯುತ್ತೀರಿ.

ನಾನು ಮೊದಲು ಗೃಹಿಣಿ, ಆಮೇಲೆ ಮಿಕ್ಕದ್ದು. ಧಾರವಾಡದ ಮಾಳಮಡ್ಡಿಯ ಮನೆ, ಪೂಜೆ, ಅಡುಗೆ, ಅತ್ತೆಯವರ ಔಷಧಿ, ಇಬ್ಬರು ಮಕ್ಕಳ ಶಾಲೆ. ಚಿಕ್ಕವನು ಹೈಸ್ಕೂಲಿಗೆ ಹೋದ ಮೇಲೆ ಹನ್ನೊಂದರಿಂದ ನಾಲ್ಕರವರೆಗೆ ಮನೆ ಭಣಗುಡುತ್ತಿತ್ತು. ಆಗ ಪಾಟೀಲ ಸರ್ ಕರೆದರು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದವರು. ಒಂದು ಟ್ರಸ್ಟು ಕೊಟ್ಟ ಹಳೆಯ ಬಂಗಲೆಯಲ್ಲಿ ಮಕ್ಕಳಿಗೆಂದು ವಿಜ್ಞಾನ ಮನೆ ಆರಂಭಿಸಿದ್ದರು. ಪ್ರತಿ ಮೇಜಿಗೂ ಕನ್ನಡದಲ್ಲಿ ತಿಳಿಸಿ ಹೇಳುವವರು ಬೇಕಾಗಿದ್ದರು.

"ನನಗ ಕಲ್ಲು ಅಂದ್ರ ಅಕ್ಕಿಯೊಳಗಿಂದು ಅಷ್ಟ ಗೊತ್ರಿ ಸರ್" ಎಂದೆ.

"ಅಷ್ಟ ಸಾಕ್ರಿ ವೈನಿ. ಆರಿಸಾಕರ ಬರ್ತೈತೆಲ್ಲ" ಎಂದರು.

ಹೀಗೆ ಸೇರಿಕೊಂಡೆ. ಮೊದಲ ವಾರ ಅವರು ನನ್ನ ಕೈಗೆ ಒಂದು ಹಸಿರು ಮಿಶ್ರಿತ ಬೂದು ಕಲ್ಲು ಕೊಟ್ಟು, "ಇದು ನಿಮ್ಮೂರಿಂದು. ಜಗತ್ತಿನ ಎಲ್ಲಾ ಭೂವಿಜ್ಞಾನಿಗಳಿಗೂ ಧಾರವಾಡ ಅಂದ್ರ ಪೇಡಾ ಅಲ್ಲ, ಈ ಶಿಲೆ. ಎರಡೂವರೆ ನೂರು ಕೋಟಿ ವರ್ಷಕ್ಕೂ ಹಳೇದು" ಎಂದರು. ಅಷ್ಟು ವಯಸ್ಸಾದದ್ದನ್ನು ಸುಮ್ಮನೆ ಹಿಡಿಯಲು ಮನಸ್ಸಾಗದೆ ಕಣ್ಣಿಗೊತ್ತಿಕೊಂಡೆ. ಸರ್ ನಕ್ಕರು. ಆದರೆ ಬೇಡ ಅನ್ನಲಿಲ್ಲ. ಹಾಸಿಗೆಯಿಂದ ಎದ್ದು ಭೂಮಿಗೆ ಕಾಲಿಡುವ ಮೊದಲು ಕ್ಷಮೆ ಕೇಳುವ ಶ್ಲೋಕವನ್ನು ನಾನು ಚಿಕ್ಕಂದಿನಿಂದ ಹೇಳಿದವಳು. ಕಾಲ ಕೆಳಗಿನದೂ ನಮ್ಮಂತೆಯೇ ನಡೆದಾಡುತ್ತದೆ ಎಂದು ತಿಳಿದದ್ದು ಆ ಬಂಗಲೆಯಲ್ಲಿ.

ತಿಳಿದದ್ದು ಇಷ್ಟು. ಭೂಮಿಯ ಮೇಲಿನ ಗಟ್ಟಿ ಹೊದಿಕೆ ಒಂದೇ ತುಂಡಲ್ಲ. ದೊಡ್ಡವು ಏಳೆಂಟು, ಸಣ್ಣವು ಹಲವು, ಹೀಗೆ ಫಲಕಗಳಾಗಿ ಒಡೆದಿದೆ. ಒಂದೊಂದೂ ನೂರು ಕಿಲೋಮೀಟರಿನ ಆಸುಪಾಸು ದಪ್ಪ. ಅವು ವರ್ಷಕ್ಕೆ ಬೆರಳುದ್ದದ ಲೆಕ್ಕದಲ್ಲಿ ಸರಿಯುತ್ತವೆ. ಎರಡು ಫಲಕ ದೂರ ಸರಿದಲ್ಲಿ ಕೆಳಗಿನಿಂದ ಹೊಸ ನೆಲ ಹುಟ್ಟುತ್ತದೆ. ಅದು ಹೆಚ್ಚಾಗಿ ಸಮುದ್ರದ ತಳದಲ್ಲಿ. ಎದುರಾಬದುರಾ ಬಂದಲ್ಲಿ ಒಂದು ಇನ್ನೊಂದರ ಕೆಳಗೆ ಇಳಿಯುತ್ತದೆ, ಇಲ್ಲವೇ ಎರಡೂ ಮಡಚಿ ಹಿಮಾಲಯದಂಥ ಬೆಟ್ಟವಾಗುತ್ತದೆ. ಪಕ್ಕಪಕ್ಕ ಉಜ್ಜಿಕೊಂಡು ಹೋದಲ್ಲಿ ಸಿಕ್ಕಿಬಿದ್ದು, ಒಮ್ಮೆಲೇ ಜಾರಿ, ನೆಲ ನಡುಗುತ್ತದೆ. ನಾವಿರುವುದು ಫಲಕದ ನಡುವೆ, ಅಂಚಿನಿಂದ ಬಹಳ ದೂರ. ನಡುವೆಯೂ ಹಳೆಯ ಬಿರುಕುಗಳುಂಟು, ಅಪರೂಪಕ್ಕೆ ಅವೂ ಅಲುಗುತ್ತವೆ. ಆದರೂ ಅಂಚಿನವರ ಭಯ ನಮಗಿಲ್ಲ. ಇದನ್ನು ತಿಳಿದ ದಿನ ದೇವರಿಗೆ ಒಂದು ತುಪ್ಪದ ದೀಪ ಹೆಚ್ಚಿಗೆ ಹಚ್ಚಿದೆ.

ಅತ್ತೆಯವರಿಗೆ ಹೇಳಿದರೆ ಅವರು ಜಪಮಾಲೆ ನಿಲ್ಲಿಸಿ ಕೇಳಿದರು: "ಹಂಗಾರ ಆದಿಶೇಷ ಏನು ಮಾಡ್ತಾನ?"

"ಅವನ ವಿಷಯ ಸರ್ ಏನೂ ಹೇಳಲಿಲ್ಲರಿ ಅತ್ತಿ."

"ಹೊರೋರು ಯಾರರೆ ಇರ್ಲಿ. ಅಲುಗಾಡದ ಹೊತ್ರ ಸಾಕವಾ" ಎಂದು ಮಾಲೆ ಮುಂದುವರಿಸಿದರು. ಅಲುಗಾಡದೆ ಹೊತ್ತಿದ್ದರೆ ಬೆಟ್ಟವೂ ಇಲ್ಲ, ಬೆಟ್ಟದಿಂದ ಇಳಿಯುವ ಹೊಳೆಯೂ ಇಲ್ಲ ಎಂದು ಬಾಯಿತನಕ ಬಂದಿತ್ತು. ಒಲೆಯ ಮೇಲೆ ಬೇಳೆ ಇತ್ತು, ಅಡುಗೆಮನೆಗೆ ನಡೆದೆ.

ಮೇಜಿಗೆ ಬರುವ ಮಕ್ಕಳು ಐದನೆಯ ತರಗತಿಯಿಂದ ಹತ್ತರವರೆಗಿನವರು. ಗೋಡೆಯ ನಕ್ಷೆ ತೋರಿಸಿದರೆ ಆಕಳಿಸುತ್ತಿದ್ದವು. ಒಂದು ದಿನ ಮನೆಯಲ್ಲಿ ಕಾಸಿಟ್ಟ ಹಾಲಿನ ಕೆನೆಯನ್ನು ಚಮಚದಿಂದ ಪಕ್ಕಕ್ಕೆ ಸರಿಸುವಾಗ ಅದು ನೆರಿಗೆ ನೆರಿಗೆಯಾಯಿತು. ಹಿಮಾಲಯ! ಮರುದಿನವೇ ಅಗಲ ಬಾಯಿಯ ಪಾತ್ರೆ, ವಿದ್ಯುತ್ ಒಲೆ ಮೇಜಿಗೆ ಬಂದವು. ಪಾಕೀಟಿನ ಹಾಲಿಗೆ ಸರಿಯಾದ ಕೆನೆ ಕಟ್ಟುವುದಿಲ್ಲ; ಗೌಳಿಗರ ಎಮ್ಮೆ ಹಾಲೇ ಬೇಕು. ಕಾಸಿ ಆರಿಸಿ, ಕೆನೆ ದಪ್ಪವಾದಾಗ ಎರಡು ಚಮಚದಿಂದ ಎರಡೂ ಕಡೆ ಒತ್ತಿದರೆ ಬೆಟ್ಟ. ಎಳೆದರೆ ಬಿರುಕು. ಒಂದು ತುದಿಯನ್ನು ಇನ್ನೊಂದರ ಕೆಳಗೆ ತಳ್ಳಿದರೆ ಸಮುದ್ರದ ಕಂದಕ. ಮಕ್ಕಳು ಮೇಜಿನ ಮೇಲೆ ಬೀಳುವಷ್ಟು ಬಾಗಿ ನೋಡುತ್ತಿದ್ದವು. ಒಮ್ಮೆ ದೊಡ್ಡ ಅತಿಥಿಗಳು ಬಂದ ದಿನವೇ ಹಾಲು ಉಕ್ಕಿ ಅವರ ಬೂಟಿನ ಮೇಲೆ ಹರಿಯಿತು. "ಜ್ವಾಲಾಮುಖಿ, ಜ್ವಾಲಾಮುಖಿ!" ಎಂದು ಮಕ್ಕಳು ಚಪ್ಪಾಳೆ ತಟ್ಟಿದವು. ಬೂಟಿನವರೂ ನಕ್ಕದ್ದು ನನ್ನ ಪುಣ್ಯ.

ಎಲ್ಲ ಮುಗಿದ ಮೇಲೆ ನಾನು ಗಂಟೆ ಹೊಡೆದಂತೆ ಹೇಳುತ್ತಿದ್ದೆ: "ಕೆನೆ ಅಂದ್ರ ನಾವು ನಿಂತ ಫಲಕ. ಕೆಳಗಿನ ಹಾಲು ಅಂದ್ರ ಕರಗಿದ ಕಲ್ಲು. ಫಲಕ ಅದರ ಮ್ಯಾಲೆ ತೇಲತಾವ."

ಪಾಟೀಲ ಸರ್ ಒಮ್ಮೆ ದೂರ ನಿಂತು ಕೇಳಿ, "ಹಾಲು ಅನ್ನೂದು ಪೂರ್ತಿ ಸರಿ ಅಲ್ರೀ ವೈನಿ" ಎಂದಿದ್ದರು. ನನ್ನ ಮುಖ ಸಣ್ಣದಾಯಿತು. ಅದನ್ನು ನೋಡಿ ಅವರೇ, "ಇರ್ಲಿ ಬಿಡ್ರಿ, ಹುಡುಗೂರು ಖುಷಿ ಪಡತಾವು" ಎಂದು ಹೊರಟುಹೋದರು. ಯಾಕೆ ಸರಿಯಲ್ಲ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹಾಲು ಬಿಡಬೇಕಾಗುತ್ತದೆ ಎಂದು ಒಳಗೊಳಗೆ ಗೊತ್ತಿತ್ತು. ಹೊಸ ಹುಡುಗಿಯರೇ, ನಿಮ್ಮ ಕೈಯಿಂದ ಚೆನ್ನಾಗಿ ಆಗುವ ಒಂದು ಪ್ರಯೋಗ ಇರುತ್ತದಲ್ಲ, ಅದರ ಮೇಲೆಯೇ ಒಂದು ಕಣ್ಣಿಡಿ.

ಬೇರೆ ತಪ್ಪುಗಳನ್ನು ತಿದ್ದಿಕೊಳ್ಳಲು ನನಗೆ ಕಷ್ಟವಾಗಿರಲಿಲ್ಲ. ಆರನೆಯ ತರಗತಿಯ ಒಬ್ಬಳು, "ಮಂಗಳ ಗ್ರಹದಾಗೂ ಹಿಂಗಽ ಫಲಕ ಅದಾವೇನ್ರಿ?" ಎಂದು ಕೇಳಿದಾಗ, ಇರಬೇಕು ಎಂದುಕೊಂಡು "ಹೂಂ" ಎಂದೆ. ಸಂಜೆ ಸರ್ ತಲೆಯಾಡಿಸಿದರು. ಈಗ ನಾವು ಕಂಡ ಗ್ರಹಗಳಲ್ಲಿ ಹೀಗೆ ಫಲಕಗಳು ಹುಟ್ಟಿ, ನಡೆದು, ಕೆಳಗಿಳಿಯುವುದು ಖಚಿತವಾಗಿ ಗೊತ್ತಿರುವುದು ಭೂಮಿಯಲ್ಲಿ ಮಾತ್ರ ಎಂದರು. ಮರುದಿನ ಆ ಶಾಲೆಗೆ ಫೋನು ಮಾಡಿ, ಹುಡುಗಿಯನ್ನು ಕರೆಸಿ, "ತಪ್ಪಾತು ಪುಟ್ಟಿ" ಎಂದೆ. ಮಂಗಳದ ವಿಷಯಕ್ಕೆ ಅಷ್ಟು ಸಲೀಸಾಗಿ ಬಂದ ಮಾತು ಹಾಲಿನ ವಿಷಯಕ್ಕೆ ಬರಲಿಲ್ಲ.

ಮುಮ್ತಾಜ್ ನಮ್ಮಲ್ಲಿಗೆ ಬಂದದ್ದು ಶಿಕ್ಷಕಿಯರ ತರಬೇತಿಗೆ. ಹಳೇ ಹುಬ್ಬಳ್ಳಿಯವಳು, ಅಪ್ಪನಿಗೆ ಗಾಡಿ ರಿಪೇರಿಯ ಸಣ್ಣ ಗ್ಯಾರೇಜು. ಗರಗದ ಆಚೆ ಒಂದು ಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಹೆಸರು ದೊಡ್ಡದು, ಕೆಲಸ ವರ್ಷದ ಮಟ್ಟಿಗೆ ಮಾತ್ರ. ಶಾಲೆಯವರು ಬೇಡ ಎಂದರೆ ಮುಗಿಯಿತು. ದಿನಾ ಎರಡು ಬಸ್ಸು ಹತ್ತಿ ಹೋಗುತ್ತಿದ್ದಳು. ನನ್ನ ಹಾಲಿನ ಪಾಠವನ್ನು ಮೂರು ಸಲ ನಿಂತು ನೋಡಿ ನೋಟುಪುಸ್ತಕದಲ್ಲಿ ಬರೆದುಕೊಂಡು, "ವೈನಿ, ನಮ್ಮ ಹುಡುಗ್ರ ಮನ್ಯಾಗ ಎಮ್ಮಿ ಅದಾವ್ರಿ. ಹಾಲಿಗೇನ ಕಡಿಮಿ ಇಲ್ಲ" ಎಂದು ನಕ್ಕಿದ್ದಳು.

ಡಿಸೆಂಬರಿನ ಒಂದು ಮಂಗಳವಾರ ಅವಳು ಬಂಗಲೆಗೆ ಬಂದಾಗ ಮುಖದಲ್ಲಿ ನಗುವಿರಲಿಲ್ಲ. ಹಿಂದಿನ ದಿನ ಅವಳು ಹಾಲಿನ ಪಾಠ ಮತ್ತೊಮ್ಮೆ ಮಾಡುವಾಗ ತಪಾಸಣೆಯ ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರಂತೆ. ಅವರೂ ವಿಜ್ಞಾನ ಕಲಿಸಿ ಮೇಲೆ ಬಂದವರು. ಎದ್ದು ನಿಂತು, ಮಕ್ಕಳ ಮುಂದೆಯೇ, "ಫಲಕದ ಕೆಳಗ ದ್ರವ ಐತಿ ಅಂತ ನಿಮಗ ಯಾರು ಹೇಳಿದ್ರು? ಅದು ಗಟ್ಟಿ ಕಲ್ಲು" ಎಂದಿದ್ದರು. ತಪಾಸಣೆಯ ಪುಸ್ತಕದಲ್ಲಿ 'ಶಿಕ್ಷಕಿಗೆ ವಿಷಯಜ್ಞಾನ ಸಾಲದು' ಎಂದು ಬರೆದಿದ್ದರು.

"ಶನಿವಾರ ಶಾಲಾ ಸಮಿತಿ ಕೂಡತೈತ್ರಿ. ಸಾಹೇಬ್ರೂ ಬರತಾರ. ನನ್ನ ಬಿಡಿಸಿ ಬ್ಯಾರೇದವ್ರನ್ನ ತಗೊಳ್ಳೂದು ಅಂತ ಹೆಡ್ ಮಾಸ್ತರ್ ಹೇಳ್ಯಾರ್ರಿ" ಎಂದಳು. ತನ್ನ ನೋಟುಪುಸ್ತಕ ತೆರೆದು ಮುಂದಿಟ್ಟು, "ವೈನಿ, ನಾ ತಪ್ಪು ಕೇಳಿಸ್ಕೊಂಡಿದ್ನೇನ್ರಿ?" ಎಂದು ಕೇಳಿದಳು.

ಆ ಪ್ರಶ್ನೆಗಿಂತ ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸರಿಯಾಗಿಯೇ ಕೇಳಿಸಿಕೊಂಡಿದ್ದಳು.

ಅವಳನ್ನು ಕೂರಿಸಿ ಸರ್ ಕೋಣೆಗೆ ಹೋದೆ. ಅವತ್ತು ಮೊದಲ ಬಾರಿ ಯಾಕೆ ಎಂದು ಕೇಳಿದೆ. ಸರ್ ಒಂದು ಹಗ್ಗವನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಮೇಲೆ ಕೆಳಗೆ ಅಲುಗಾಡಿಸಿದರು. ಅಲೆ ಚಿಲಕದವರೆಗೆ ಓಡಿತು. "ಭೂಕಂಪದಾಗ ಇಂಥಾ, ಹೋಗೋ ದಾರಿಗೆ ಅಡ್ಡ ಅಲುಗಾಡೋ ಅಲಿ ಒಂದು ಬರ್ತೈತ್ರಿ. ಅದು ಗಟ್ಟಿ ವಸ್ತುವಿನಾಗಷ್ಟ ಹೊಕ್ಕೈತಿ, ದ್ರವದಾಗ ಸಾಯ್ತೈತಿ. ಫಲಕದ ಕೆಳಗಿನ ಪದರಿನಾಗ ಈ ಅಲಿ ಸಾವಿರಾರು ಕಿಲೋಮೀಟರ್ ಪಾರಾಗಿ ಬರ್ತೈತಿ. ಅಂದ್ರ ಅದು ಗಟ್ಟಿ. ಬಹಳ ಕೆಳಗ, ಲೋಹದ ತಿರುಳಿನ ಹೊರಭಾಗಕ್ಕ ಹೋಗಿ ಅಲ್ಲೆ ನಿಲ್ಲತೈತಿ. ದ್ರವ ಇರೂದು ಅಲ್ಲೆ. ಮ್ಯಾಲೆ ಕರಗಿದ ಕಲ್ಲು ಇರೂದು ಕೆಲವು ಕಡೆ, ಒಂಚೂರು ಅಷ್ಟಽ."

"ಗಟ್ಟಿ ಇದ್ರ ಫಲಕ ಹೆಂಗ ಸರೀತಾವ್ರಿ?"

"ಬಿಸಿ ಆದ ಗಟ್ಟಿ ಕಲ್ಲು ಲಕ್ಷ ಲಕ್ಷ ವರ್ಷಕ್ಕ ಹರೀತೈತ್ರಿ. ಬಡಿದ್ರ ಗಟ್ಟಿ, ಕಾದ್ರ ಮೆತ್ತಗ."

"ಇದನ್ನ ಎಂಟು ವರ್ಷದ ಹಿಂದ ಹೇಳಬಾರದಿತ್ತೇನ್ರಿ ಸರ್?"

ಅವರು ಹಗ್ಗ ಸುತ್ತುತ್ತಾ, "ಹೇಳಿದ್ದೆ. ಪೂರ್ತಿ ಹೇಳಲಿಲ್ಲ" ಎಂದರು. ಶನಿವಾರ ನನ್ನ ಜೊತೆ ಆ ಶಾಲೆಗೆ ಬನ್ನಿ ಎಂದೆ. ಅವರು ಹಗ್ಗವನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. "ವಿಜ್ಞಾನ ಮನಿ ತಪ್ಪು ಕಲಿಸ್ತೈತಿ ಅಂತ ಊರ ತುಂಬ ಆದ್ರ ಯಾವ ಶಾಲಿ ಕಳಸ್ತೈತ್ರಿ? ಆ ಹುಡುಗಿಗೆ ಬ್ಯಾರೆ ಕಡೆ ಹೇಳಿ ಕೊಡಿಸೋಣು."

"ಬ್ಯಾರೆ ಕಡೆ ಹೋದ್ರೂ ಆ ಪುಸ್ತಕದಾಗಿನ ಮಾತು ಆಕಿ ಹಿಂದನ ಹೋಗ್ತದರಿ ಸರ್. ನೀವು ಬರದಿದ್ರ ಬ್ಯಾಡ. ನಾ ಹೋಗಾಕಿನಽ."

ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೇಲಿನವರಲ್ಲಿ ಇಂಥವರು ಸಿಕ್ಕರೆ ಅದೂ ದೇವರ ಕೃಪೆಯೇ, ತಡೆಯಲಿಲ್ಲವಲ್ಲ.

ಸರಿ, ಹೋಗಿ ತಪ್ಪು ಒಪ್ಪಿಕೊಳ್ಳಬಹುದು. ಆದರೆ ಅವಳಿಗೆ ವಿಷಯ ಗೊತ್ತಿದೆ ಎಂದು ತೋರಿಸಬೇಡವೇ? ಬಡಿದರೆ ಗಟ್ಟಿ, ಕಾದರೆ ಮೆತ್ತಗೆ ಇರುವುದನ್ನು ಎಲ್ಲಿಂದ ತರಲಿ? ಎರಡು ದಿನ ದೇವರ ಮುಂದೆ ಕೂತರೆ ಸ್ತೋತ್ರದ ನಡುವೆ ಸಾಲು ತಪ್ಪುತ್ತಿತ್ತು.

ಗುರುವಾರ ನೈವೇದ್ಯಕ್ಕೆ ಹೋಳಿಗೆ ಮಾಡುವುದಿತ್ತು. ಹೂರಣದ ಮೇಲೆ ಹೊದಿಸುವ ಹಿಟ್ಟಿಗೆ ನಮ್ಮಲ್ಲಿ ಕಣಕ ಅನ್ನುತ್ತೇವೆ. ಚಿರೋಟಿ ರವೆ, ಒಂದು ಹಿಡಿ ಮೈದಾ, ಅರಿಶಿನ. ನೀರು ಹಾಕಿ, ಎಣ್ಣೆ ಕುಡಿಸಿ ಕುಡಿಸಿ ನಾದಿ, ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟೆ. ಅಷ್ಟರಲ್ಲಿ ಗ್ಯಾಸು ಮುಗಿಯಿತು. ಸಿಲಿಂಡರಿನವನು ಬರುವಷ್ಟರಲ್ಲಿ ಎರಡು ತಾಸು. ಬಂದು ನೋಡಿದರೆ ದುಂಡಗಿನ ಉಂಡೆ ತಾನಾಗಿಯೇ ಚಪ್ಪಟೆಯಾಗಿ ತಟ್ಟೆಯ ಅಂಚಿಗೆ ಬಂದಿತ್ತು. ಮೂವತ್ತು ವರ್ಷ ಕಣಕ ನಾದಿದವಳು, ಅಂದೇ ಮೊದಲ ಸಲ ಕಂಡಂತೆ ನಿಂತೆ. ಎತ್ತಿ ಉಂಡೆ ಮಾಡಿ ಗಕ್ಕನೆ ಜಗ್ಗಿದೆ, ತುಂಡಾಯಿತು. ನಿಧಾನ ಜಗ್ಗಿದೆ, ಮೊಳದುದ್ದ ಬಂತು. ಬಡಿದರೆ ಗಟ್ಟಿ, ಕಾದರೆ ಮೆತ್ತಗೆ. ಗ್ಯಾಸು ಮುಗಿದದ್ದಕ್ಕೆ ಕೈ ಮುಗಿದವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ನೈವೇದ್ಯ ಮುಗಿಸಿ, ಉಳಿದ ಕಣಕವನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡು, ಮಧ್ಯಾಹ್ನ ಹಳೇ ಹುಬ್ಬಳ್ಳಿಗೆ ಹೋದೆ. ಶಾಲೆಯವರು ಮುಮ್ತಾಜಳಿಗೆ ಅಂದು ರಜೆ ಕೊಟ್ಟು ಮನೆಯಲ್ಲಿರಿ ಎಂದಿದ್ದರಂತೆ. ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವ ಓಣಿ. ಮುಮ್ತಾಜಳ ತಾಯಿ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಾಲಿನ ವೈನಿ ಅಂದ್ರ ನೀವಽ ಏನ್ರಿ?"

"ನಾನಽರಿ. ಬೈಯೋದಿದ್ರ ಬೈರಿ."

"ಬೈದು ಏನ್ ಮಾಡೂದ್ರಿ, ಬರ್ರಿ ಒಳಗ. ಬಿಸಲಾಗ ಬಂದೀರಿ."

ಕಣಕ ನೋಡಿ ಅವರೂ ಜಗ್ಗಿದರು. "ನಮ್ಮ ರೊಟ್ಟಿ ಹಿಟ್ಟು ಹಿಂಗ ಬರಂಗಿಲ್ರಿ" ಎಂದು ಒಪ್ಪಿದರು. ನಾನು ಸರ್ ಹೇಳಿದ್ದನ್ನೆಲ್ಲ ಮುಮ್ತಾಜಳಿಗೆ ಹೇಳಿದೆ. ಅವಳು ತಲೆದೂಗಿ, "ಗಟ್ಟಿ ಅನ್ನೂದು ತಿಳೀತ್ರಿ. ಆದ್ರ ಫಲಕಾನ ನಡಸೋರು ಯಾರ್ರಿ?" ಎಂದಳು. ಸರ್ ಅದನ್ನೂ ಹೇಳಿದ್ದರು: ಹೊಸದಾಗಿ ಹುಟ್ಟಿದ ಸಮುದ್ರದ ನೆಲ ದೂರ ಸರಿಯುತ್ತಾ ತಣ್ಣಗಾಗುತ್ತದೆ, ಭಾರವಾಗುತ್ತದೆ. ಕೊನೆಗೆ ಅದರ ಅಂಚು ಕೆಳಗೆ ಇಳಿಯುತ್ತದೆ. ಇಳಿದ ಭಾಗವೇ ಮಿಕ್ಕದ್ದನ್ನು ಎಳೆದುಕೊಳ್ಳುತ್ತದೆ. ಆದರೆ ಇದಕ್ಕೆ ಅಡುಗೆಮನೆಯಲ್ಲಿ ನನಗೇನೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಅಂಗಳದಿಂದ ತಾಯಿ ಕೂಗಿದರು: "ಏ ಮುಮ್ತಾಜ್, ಸೀರಿ ಜಾರಾಕತ್ತೈತಿ, ಹಿಡಿಯವಾ!" ಬಿದಿರಿನ ಗಳದ ಮೇಲೆ ಹಾಕಿದ್ದ ಒದ್ದೆ ಸೀರೆ. ಒಂದು ಕಡೆ ಗೇಣಿನಷ್ಟು ಹೆಚ್ಚು ಇಳಿದಿತ್ತು. ನೋಡನೋಡುತ್ತ ಮೆಲ್ಲಗೆ ಜಾರಿ, ಆಮೇಲೆ ಸರ್ರನೆ, ಇಡೀ ಸೀರೆ ನೆಲಕ್ಕೆ ಬಿತ್ತು. ಮುಮ್ತಾಜ್ ಓಡಲಿಲ್ಲ. ಕಣ್ಣರಳಿಸಿ ನೋಡುತ್ತಾ ನಿಂತಿದ್ದಳು.

"ನಿಂತು ನೋಡ್ತಾಳ ನೋಡ್ರಿ ಮಹಾರಾಣಿ! ಮತ್ತ ಒಗಿಯೋರು ಯಾರು?"

"ನಾನಽ ಒಗಿತೀನಿ ಅಮ್ಮಾ, ತಡಿ" ಎಂದವಳು ನನ್ನ ಕಡೆ ತಿರುಗಿದಳು. "ವೈನಿ, ಯಾರೂ ದೂಡಲಿಲ್ಲ. ಇಳದಿದ್ದು ಉಳದದ್ದನ್ನ ಎಳಕೊಂತು!"

ಎಂಟು ವರ್ಷ ಮೇಜಿನ ಹಿಂದೆ ನಿಂತ ನನಗೆ ಹೊಳೆಯದ್ದು ಅವಳಿಗೆ ಒಂದು ನಿಮಿಷದಲ್ಲಿ ಹೊಳೆಯಿತು. ಇಂಥವಳಿಗೆ ವಿಷಯಜ್ಞಾನ ಸಾಲದು ಎಂದು ಬರೆದಿದ್ದರು.

ಶನಿವಾರ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಡಬ್ಬಿಯಲ್ಲಿ ಹೊಸ ಕಣಕ, ಚೀಲದಲ್ಲಿ ಹಿಂಡಿದ ಒದ್ದೆ ಸೀರೆ. ಹೆಡ್ ಮಾಸ್ತರರ ಕೋಣೆಯಲ್ಲಿ ಸಾಹೇಬರು, ಹೆಡ್ ಮಾಸ್ತರರು, ಸಮಿತಿಯ ಅಧ್ಯಕ್ಷ ಬಸಣ್ಣ ಎಂಬ ರೈತರು ಕೂತಿದ್ದರು.

ಬಸಣ್ಣ ನನ್ನನ್ನು ನೋಡಿ, "ನೀವು ಯಾರು ತಾಯಿ?" ಎಂದರು.

"ಹಾಲಿನ ಪಾಠ ಇಕೀಗೆ ಕಲಿಸಿದಾಕಿ ನಾನರಿ. ತಪ್ಪು ನಂದು. ನಾ ಹೇಳಿದ್ದನ್ನ ಇಕಿ ಅಕ್ಷರ ಬಿಡದ ಹೇಳ್ಯಾಳ. ಬರಿಯೋದಿದ್ರ ನನ್ನ ಹೆಸರು ಬರೀರಿ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನೀವು ಒಪ್ಪಿಕೊಂಡ್ರಿ, ಛಲೋ ಆತು. ಆದ್ರ ವರ್ಗದಾಗ ನಿಲ್ಲೋರು ನೀವಲ್ಲ. ಅವರಿಗೆ ಈಗರ ತಿಳದೈತೇನು? ನೀವು ಸುಮ್ನ ಕೂಡ್ರಿ. ಅವರು ಹೇಳಲಿ."

ನಾನು ಕೂತೆ. ಮುಮ್ತಾಜ್ ಕಣಕದ ಉಂಡೆಯನ್ನು ಮೇಜಿನ ಮೇಲಿಟ್ಟು, ಸುತ್ತ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ಇದು ಫಲಕದ ಕೆಳಗಿನ ಕಲ್ಲು ಎಂದಳು. ಗುದ್ದಿ ತೋರಿಸಿದಳು, ಜಗ್ಗಿ ಹರಿದು ತೋರಿಸಿದಳು. ಅಡ್ಡ ಅಲೆಯ ಮಾತು ಹೇಳಿದಳು. "ಗಟ್ಟಿ ಐತ್ರಿ, ಆದ್ರ ಹರೀತೈತ್ರಿ" ಎಂದು ಮತ್ತೆ ಉಂಡೆ ಕಟ್ಟಿ ಗೆರೆಯೊಳಗಿಟ್ಟಳು.

ಎಲ್ಲರೂ ಉಂಡೆಯನ್ನೇ ನೋಡಿದೆವು. ಡಿಸೆಂಬರಿನ ಚಳಿ, ಮುಂಜಾನೆ ನಾದಿದ ಕಣಕ ಬಸ್ಸಿನಲ್ಲಿ ಬರುವಷ್ಟರಲ್ಲಿ ಬಿಗಿದುಕೊಂಡಿತ್ತು. ಉಂಡೆ ಉಂಡೆಯಾಗಿಯೇ ಕೂತಿತ್ತು. ಐದು ನಿಮಿಷ. ಹತ್ತು ನಿಮಿಷ. ನಾನು ಸೆರಗಿನೊಳಗೆ ಬೆರಳಿನ ಗೆಣ್ಣು ಎಣಿಸಿ ಜಪ ಮಾಡುತ್ತಿದ್ದೆ. ಎಣ್ಣೆ ಇನ್ನೊಂದು ಚಮಚ ಹಾಕಬೇಕಿತ್ತು ಎನಿಸಿತು.

"ಏ, ಇದು ಇದ್ದಲ್ಲೇ ಐತೆಲ್ಲವಾ" ಎಂದರು ಬಸಣ್ಣ.

ಸಾಹೇಬರು ಗಡಿಯಾರ ನೋಡಿ, "ಹರಿಯೂದಿಲ್ಲಲ್ರೀ ಇದು?" ಎಂದರು.

ಅವಳು ಅಳುತ್ತಾಳೆ ಎಂದುಕೊಂಡೆ. ಅವಳು ಹೇಳಿದಳು: "ಹತ್ತು ನಿಮಿಷದಾಗ ಹರಿದ್ರ ಅದು ಹಾಲು ಆಕ್ಕೈತ್ರಿ ಸರ್. ಇದು ಕಲ್ಲು. ಕಾಯಬೇಕ್ರಿ."

ಸಾಹೇಬರು ಕುರ್ಚಿಗೆ ಒರಗಿ ಕೂತರು. "ಆತು. ಕಾಯೋಣು. ಅಲ್ಲೀತನಕ ಮುಂದಿಂದು ಹೇಳ್ರಿ."

ನಕ್ಷೆ ತೂಗುಹಾಕುವ ಗಳವನ್ನು ಅವಳು ಹೆಡ್ ಮಾಸ್ತರರ ಕೈಗೂ ಬಸಣ್ಣನವರ ಕೈಗೂ ಕೊಟ್ಟಳು. ಒಂದೊಂದು ತುದಿ ಹಿಡಿದು ಇಬ್ಬರೂ ಮದುವೆಯ ಅಂತರಪಟ ಹಿಡಿದವರಂತೆ ನಿಂತರು. ಒದ್ದೆ ಸೀರೆ ಹಾಕಿದಳು. ಒಂದು ಕಡೆ ಗೇಣಿನಷ್ಟು ಹೆಚ್ಚು ಇಳಿಬಿಟ್ಟಳು. ಸೀರೆ ಮೆಲ್ಲಗೆ ಜಾರಿ, ಸರ್ರನೆ ಬಿತ್ತು. ಹೆಡ್ ಮಾಸ್ತರರ ಪ್ಯಾಂಟು ಒದ್ದೆಯಾಯಿತು, ಆದರೆ ಅವರೂ "ಇನ್ನೊಮ್ಮೆ ಹಾಕ್ರಿ" ಎಂದರು.

"ಹಂಗಾರ ನಮ್ಮ ನೆಲ ಎಲ್ಲಿಗೆ ಹೊಂಟೈತಿ?" ಎಂದು ಬಸಣ್ಣ ಕೇಳಿದರು.

"ಉತ್ತರದ ಕಡೀಗ್ರಿ. ವರ್ಷಕ್ಕ ಬೆರಳುದ್ದಕ್ಕಿಂತ ಒಂಚೂರು ಕಡಿಮಿ."

"ಅಂದ್ರ ನನ್ನ ಹೊಲ ಬಾಜೂದವನ ಹೊಲದಾಗ ಹೊಕ್ಕೈತೇನು? ಪಹಣಿ ತಿದ್ದಿಸಬೇಕಾಕ್ಕೈತಿ!"

"ಅವರ ಹೊಲಾನೂ ಅಷ್ಟಽ ಸರೀತೈತ್ರಿ ಕಾಕಾ. ಜಗಳ ಇಲ್ಲ."

ಸಾಹೇಬರು ನಕ್ಕದ್ದನ್ನು ಆಗ ಮೊದಲ ಸಲ ಕಂಡೆ. ನಗುತ್ತಲೇ ಮತ್ತೊಂದು ಕೇಳಿದರು: "ಬ್ಯಾರೆ ಗ್ರಹದಾಗ ಯಾಕ ಹಿಂಗ ಇಲ್ಲ?"

ಇದನ್ನು ನಾವು ಗುರುವಾರ ಒಮ್ಮೆ ಮಾತ್ರ ಮಾತಾಡಿದ್ದೆವು. ಮುಮ್ತಾಜ್ ತಡವರಿಸದೆ ಹೇಳಿದಳು. ಸಣ್ಣ ಪಾತ್ರೆ ಲಗೂ ಆರುತ್ತದೆ. ಚಂದ್ರ, ಬುಧ ಹಾಗೆ ಆರಿದವು. ಬುಧ ಆರುತ್ತ ಕುಗ್ಗಿ, ಬಾಡಿದ ಲಿಂಬೆಹಣ್ಣಿನಂತೆ ಸುಕ್ಕುಗಟ್ಟಿದೆ. ಮಂಗಳಕ್ಕೆ ಒಂದೇ ತುಂಡಿನ ದಪ್ಪ ಮುಚ್ಚಳ. ಅದು ಸರಿಯದ ಕಾರಣ ಜ್ವಾಲಾಮುಖಿಯೊಂದು ಒಂದೇ ಜಾಗದಲ್ಲಿ ಉಕ್ಕಿ ಉಕ್ಕಿ ಹಿಮಾಲಯದ ತುದಿಯ ಎರಡು ಪಟ್ಟಿಗಿಂತ ಎತ್ತರ ಬೆಳೆದಿದೆ. ಶುಕ್ರ ನಮ್ಮಷ್ಟೇ ದೊಡ್ಡದು, ಒಳಗೆ ಬಿಸಿಯೂ ಇದೆ. ಆದರೆ ಅಲ್ಲಿ ನೀರಿಲ್ಲ. ನಮ್ಮಲ್ಲಿ ಕಲ್ಲನ್ನು ಸಡಿಲಿಸಿ ಫಲಕ ಬಾಗಲು, ಜಾರಲು ನೀರು ಸಹಾಯ ಮಾಡುತ್ತದೆ ಎಂದು ತಿಳಿದವರು ಹೇಳುತ್ತಾರೆ. "ಅಲ್ಲಿ ಖರೇ ಏನ್ ಆಕ್ಕೈತಿ ಅನ್ನೂದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ರಿ. ನನಗೂ ಗೊತ್ತಿಲ್ರಿ" ಎಂದಳು.

ಗೊತ್ತಿಲ್ಲ ಎಂಬ ಮಾತನ್ನು ಕೆಲಸ ಹೋಗುವ ಹೊತ್ತಿನಲ್ಲಿ ಹೇಳಲು ಎಷ್ಟು ಧೈರ್ಯ ಬೇಕು, ಯೋಚನೆ ಮಾಡಿ. ಭೂಮಿಗೆ ನೀರು ಕೊಟ್ಟ ದೇವರನ್ನೂ ಅವಳಿಗೆ ಆ ಧೈರ್ಯ ಕೊಟ್ಟ ದೇವರನ್ನೂ ಒಟ್ಟಿಗೆ ನೆನೆದೆ.

ಮಧ್ಯಾಹ್ನ ಶಾಲೆ ಬಿಡುವ ಗಂಟೆ ಹೊಡೆಯಿತು. ಬಸಣ್ಣ ಎದ್ದು, ಮೇಜಿನ ಹತ್ತಿರ ಹೋಗಿ ಬಾಗಿದರು. "ಸಾಹೇಬ್ರ, ಇಲ್ಲಿ ಬರ್ರಿ. ಗೆರಿ ಮುಳುಗೈತಿ."

ಬಾಗಿಲಿನಿಂದ ಬಿಸಿಲು ಬಿದ್ದ ಕಡೆ ಕಣಕ ಸೀಮೆಸುಣ್ಣದ ಗೆರೆ ದಾಟಿ ಅರ್ಧ ಬೆರಳು ಮುಂದೆ ಬಂದಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

ಸಾಹೇಬರು ತಪಾಸಣೆಯ ಪುಸ್ತಕ ತರಿಸಿದರು. ಬರೆದದ್ದನ್ನು ಅಳಿಸಲು ಬರುವುದಿಲ್ಲ ಎಂದರು. ಅದರ ಕೆಳಗೆ ಇನ್ನೆರಡು ಸಾಲು ಬರೆದು, ಸಹಿ ಮಾಡಿ, ಮುಮ್ತಾಜಳ ಕಡೆ ತಿರುಗಿಸಿದರು: 'ಪಾಠವನ್ನು ಮತ್ತೆ ಕೇಳಿದೆ. ಮೇಲಿನ ಮಾತು ಈ ಶಿಕ್ಷಕಿಗೆ ಅನ್ವಯಿಸುವುದಿಲ್ಲ.' ಹೆಡ್ ಮಾಸ್ತರರು ಒದ್ದೆ ಪ್ಯಾಂಟು ಜಾಡಿಸುತ್ತಾ, "ಸೋಮವಾರ ಎರಡನೇ ತಾಸು ನಿಮ್ಮದಽ ಐತಿ. ತಡಾ ಮಾಡಬ್ಯಾಡ್ರಿ" ಎಂದರು. ಬೇರೆ ಮಾತೇ ಆಗಲಿಲ್ಲ. ಹೊರಗೆ ಬಂದು ಬೇವಿನ ಕಟ್ಟೆಯ ಮೇಲೆ ಕೂತು ಇಬ್ಬರೂ ಒಂದೇ ಬಾಟಲಿಯಿಂದ ನೀರು ಕುಡಿದೆವು. ಅಷ್ಟು ಸಿಹಿ ನೀರನ್ನು ನಾನು ಮತ್ತೆ ಕುಡಿದಿಲ್ಲ.

ಪಾಟೀಲ ಸರ್ ಮರುವಾರ ತಾವಾಗಿಯೇ ವಿದ್ಯುತ್ ಒಲೆಯನ್ನು ಮೇಜಿನಿಂದ ತೆಗೆಸಿದರು. ಹಾಲು ನೋಡಿ ಹೋದ ಶಾಲೆಗಳ ಪಟ್ಟಿ ಹುಡುಕಿ, ನಮ್ಮಿಬ್ಬರ ಸಹಿ ಹಾಕಿ ಒಂದೊಂದು ಪತ್ರ ಕಳಿಸಿದೆವು. ಮಕ್ಕಳು ಎಷ್ಟೋ ಜನ ಆಗಲೇ ಶಾಲೆ ಬಿಟ್ಟು ಹೋಗಿದ್ದವು. ಅವರನ್ನು ನಾನು ಎಲ್ಲಿ ಹುಡುಕಲಿ? ಪತ್ರದ ಭಯದಿಂದ ಒಂದು ಶಾಲೆಯೂ ಬರುವುದನ್ನು ಬಿಡಲಿಲ್ಲ. ಎರಡು ಶಾಲೆಗಳು ಕ್ಷಮಿಸಿದ್ದೇವೆ ಎಂದು ಉತ್ತರ ಬರೆದವು, ಒಂದು ಶಾಲೆ ಕಣಕದ ಅಳತೆ ಕೇಳಿತು.

ಅದಕ್ಕೂ ಮೊದಲು, ಆ ಸೋಮವಾರವೇ ಮಧ್ಯಾಹ್ನ, ನಾನು ಊಟಕ್ಕೆ ಕೂತಾಗ, ಮುಮ್ತಾಜಳ ಫೋನು ಬಂತು. ಮಕ್ಕಳ ಮುಂದೆ ನಿಂತು, ಇಷ್ಟು ದಿನ ಹಾಲಿಟ್ಟು ಕಲಿಸಿದ್ದು ತಪ್ಪು ಎಂದು ಹೇಳಿದಳಂತೆ. ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತಳಂತೆ.

"'ಟೀಚರ್, ಹೋದ ತಿಂಗಳ ಕಿರು ಪರೀಕ್ಷೆದಾಗ ಕೆಳಗ ಹಾಲಿನಂಥಾ ದ್ರವ ಐತಿ ಅಂತ ಬರದು ಎರಡು ಮಾರ್ಕ್ಸ್ ತಗೊಂಡೀನ್ರಿ, ಅವನ್ನ ವಾಪಸ್ ಕೊಡಬೇಕೇನ್ರಿ?' ಅಂದ್ಲು ವೈನಿ."

"ನೀ ಏನಂದಿ?"

"ನಾ ಕಲಿಸಿದಂಗ ನೀ ಬರದಿ, ನಿನ್ನ ಮಾರ್ಕ್ಸ್ ನಿನಗ ಇರ್ಲಿ. ಕಳದಿದ್ದು ನನ್ನ ಮಾರ್ಕ್ಸ್, ಅಂದೆ ರಿ. ಆಮ್ಯಾಲೆ ಇಡೀ ವರ್ಗ ಕೂಡಿ ನನಗ ಎಷ್ಟು ಕೊಡಬೇಕು ಅಂತ ಚರ್ಚಾ ಮಾಡಿ, ಹತ್ತಕ್ಕ ಎಂಟು ಕೊಟ್ರು."

ಕೈಯಲ್ಲಿದ್ದ ತುತ್ತು ತಟ್ಟೆಗೆ ಬೀಳುವಂತೆ ನಕ್ಕೆ. ಒಳಗಿನಿಂದ ಅತ್ತೆಯವರು, "ಯಾರವಾ ಅದು, ಏನಾತು?" ಎಂದು ಕೂಗುತ್ತಿದ್ದರು. ಒಂದು ವಾರದ ಮೇಲೆ ಅನ್ನದ ರುಚಿ ಗೊತ್ತಾಯಿತು. ಇನ್ನೊಂದು ಸಲ ನೀಡಿಕೊಂಡೆ.